ಬೇಗ ಕೊಲ್ಲುವ ಹೂ, ನಿಧಾನಕ್ಕೆ ಕೊಲ್ಲುವ ಬೇರು

ಮಳೆಗಾಲ ಶುರುವಾಯಿತು ಅಂದರೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಫೋಟೋಗಳೂ ಶುರು. ರಜೆಗೆ ಊರಿಗೆ ಬಂದವರು ಬ್ಯಾಣ (ಹುಲ್ಲುಗಾವಲು) ಸುತ್ತುತ್ತಾರೆ, ತೋಟದ ಅಗಳದ ದಂಡೆ ಮೇಲೆ ನಡೆಯುತ್ತಾರೆ, ದಣಪೆ ಪಕ್ಕ ಅರಳಿದ ಯಾವುದೋ ಹೂವಿನ ಫೋಟೋ ತೆಗೆದು ಹಾಕುತ್ತಾರೆ. ಮೊದಲೆಲ್ಲ ಅದರ ಕೆಳಗೆ "ಎಷ್ಟು ಚಂದ ಅಲ್ವಾ" ಅಂತ ಒಂದು ಸಾಲು ಇರುತ್ತಿತ್ತು. ಈಗ ಗಿಡ ಗುರುತಿಸುವ ಆ್ಯಪ್ ಎಲ್ಲರ ಫೋನಿನಲ್ಲೂ ಇದೆ. ಹೆಸರೂ ಹೇಳುತ್ತದೆ, ಎಚ್ಚರಿಕೆಯನ್ನೂ ಕೊಡುತ್ತದೆ. ಹಾಗಾಗಿ ಈಗ ಬರುವುದು ಒಂದೇ ಪ್ರಶ್ನೆ: "ಇದು ವಿಷದ ಗಿಡವಾ?" ಗಿಡಗಳ ಬಗ್ಗೆ ಅಷ್ಟಿಷ್ಟು ಓದಿಕೊಂಡಿದ್ದೇನೆ ಅನ್ನುವ ತಪ್ಪಿಗೆ ಉತ್ತರ ಹೇಳುವ ಕೆಲಸ ನನ್ನ ತಲೆಗೆ.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದಿದ್ದ ಭಾವನ ಕಣ್ಣಿಗೆ ಹೊಸನಗರದ ಹತ್ತಿರದ ನಮ್ಮ ಮನೆಯ ಬೇಲಿ ಮೇಲೆ ಹಬ್ಬಿದ್ದ ಗೌರಿ ಹೂ ಬಿತ್ತು. ಆ್ಯಪ್ ತೋರಿಸಿತು, ಪೂರ್ತಿ ಗಿಡವೇ ವಿಷ ಅಂತ. ಗುಂಪಿನಲ್ಲಿ ದೊಡ್ಡ ಚರ್ಚೆ. "ಮಕ್ಕಳು ಓಡಾಡೋ ಜಾಗ, ಬುಡಸಮೇತ ಕೀಳಿಸಿಬಿಡಿ" ಅಂದರು ಭಾವ. "ನಮ್ಮಜ್ಜಂದಿರ ಕಾಲದಿಂದ ಇದೆ, ಯಾರಿಗೂ ಏನೂ ಆಗಿಲ್ಲ, ಸುಮ್ನಿರಿ" ಅಂದರು ಚಿಕ್ಕಮ್ಮ. ತಮಾಷೆ ಅಂದರೆ, ಅದೇ ಭಾವ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಆನ್‌ಲೈನಿನಲ್ಲಿ ತರಿಸಿದ ಹತ್ತಾರು ಗಿಡಮೂಲಿಕೆಗಳ ಪುಡಿ ಕುಡಿಯುತ್ತಾರೆ. ಡಬ್ಬಿಯ ಮೇಲೆ ಸೈಡ್ ಎಫೆಕ್ಟ್ ಇಲ್ಲ ಅಂತ ಬರೆದಿದೆಯಂತೆ. ಬೇಲಿಯ ಗಿಡ ಕಂಡರೆ ಭಯ, ಡಬ್ಬಿಯ ಗಿಡದ ಮೇಲೆ ನಂಬಿಕೆ. ಚಿಕ್ಕಮ್ಮನದು ಇದರ ತಿರುವುಮುರುವು. ಅವರಿಗೆ ಊರಿನ ಯಾವ ಗಿಡದ ಮೇಲೂ ಅನುಮಾನವಿಲ್ಲ. ನನಗೆ ಇಬ್ಬರ ಮಾತೂ ಸರಿ ಬರಲಿಲ್ಲ. ಯಾಕೆ ಅಂತ ಆವತ್ತು ಗುಂಪಿನಲ್ಲಿ ಬರೆಯಲು ಆಗಲಿಲ್ಲ, ಅದು ಎರಡು ಸಾಲಿನ ಉತ್ತರ ಅಲ್ಲ.

ಫಲಾವಳಿಯ ಹೂ

ನಮ್ಮ ಕಡೆ ಚೌತಿಗೆ ಗಣಪತಿಯ ಮೇಲೆ ಫಲಾವಳಿ, ಅಂದರೆ ಕಾಯಿ ಹೂಗಳನ್ನು ತೂಗುಬಿಟ್ಟ ಚಪ್ಪರ, ಕಟ್ಟುವುದು ಗೊತ್ತಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡಪ್ಪನ ಕೆಲಸ. ಸೌತೆಕಾಯಿ, ಹೀರೆಕಾಯಿ, ಹಸಿ ಅಡಿಕೆ ಗೊನೆ, ಸಿಂಗಾರ ಎಲ್ಲ ಮನೆಯಲ್ಲೇ ಸಿಗುತ್ತಿತ್ತು. ಗೌರಿ ಹೂ ಸಾಕಷ್ಟು ಬೇಕೆಂದರೆ ಮಾತ್ರ ಬೆಟ್ಟಕ್ಕೇ ಹೋಗಬೇಕು. ಕಂಬಳಿಕೊಪ್ಪೆ ಹಾಕಿಕೊಂಡು ದೊಡ್ಡಪ್ಪ ಮುಂದೆ, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ನಾವು ಹಿಂದೆ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಒಂದಷ್ಟು ಬಿಸಿಲು ಬೀಳುವ ಕಡೆ, ಪೊದೆಗಳ ತಲೆಯ ಮೇಲೆ ಕೆಂಪು ಕಂಡರೆ ಅದೇ. ಅವರು ಬಳ್ಳಿಯನ್ನು ಎಳೆಯುತ್ತಿರಲಿಲ್ಲ. ಕತ್ತಿಯಿಂದ ಮೇಲಿನ ಒಂದು ಮೊಳ ಕೊಯ್ದುಕೊಳ್ಳುತ್ತಿದ್ದರು. "ಬುಡಕ್ಕೆ ಕೈ ಹಾಕಬೇಡ್ರೋ. ಗಡ್ಡೆ ಕಿತ್ರೆ ಮುಂದಿನ ವರ್ಷ ಗಣಪತಿಗೆ ಎಂತ ಕಟ್ಟೋದು?" ಇದು ಒಂದನೇ ಕಾರಣ. ಎರಡನೆಯದನ್ನು ದಾರಿಯಲ್ಲಿ, ಬೇರೆ ಏನೋ ಮಾತಾಡುತ್ತಾ, ಮಳೆ ಬರುತ್ತೆ ಅನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದರು: "ಆ ಗಡ್ಡೆ ತಿಂದೋರು ಬದುಕೋದಿಲ್ಲ."

ಮನೆಗೆ ಬಂದ ಮೇಲೂ ಕೆಲವು ಕಟ್ಟಳೆ ಇದ್ದವು. ಗೌರಿ ಹೂವನ್ನು ಅಡಿಗೆ ಮನೆಗೆ ಒಯ್ಯುವಂತಿಲ್ಲ. ನೈವೇದ್ಯದ ಹರಿವಾಣದಲ್ಲಿ ಇಡುವಂತಿಲ್ಲ. ಪ್ರಸಾದ ಅಂತ ಹೆಂಗಸರು ಮುಡಿಯುವ ಹೂವಿನ ಬುಟ್ಟಿಗೂ ಅದು ಸೇರುತ್ತಿರಲಿಲ್ಲ. ಜಗಲಿಯಲ್ಲೇ ಇಟ್ಟು, ಅಲ್ಲೇ ಕಟ್ಟಿ, ಕೈ ತೊಳೆದುಕೊಂಡು ಒಳಗೆ ಬರಬೇಕು. ಯಾಕೆ ಅಂತ ಕೇಳಿದರೆ ಮಡಿ, ಶಾಸ್ತ್ರ ಅಂತ ಏನೋ ಒಂದು ಉತ್ತರ ಬರುತ್ತಿತ್ತು. ಆದರೆ ಕಟ್ಟಳೆ ಮಾತ್ರ ಗಟ್ಟಿ. ದೇವರ ತಲೆಯ ಮೇಲೆ ತೂಗುವ ಹೂ ನಮ್ಮ ಬಾಯಿಯ ಹತ್ತಿರ ಎಲ್ಲೂ ಬರದ ಹಾಗೆ ನೋಡಿಕೊಂಡಿದ್ದರು.

2024ರ ಮೇ ತಿಂಗಳಲ್ಲಿ ಕೇರಳದಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು, ವಿಷದ ಗಿಡ ಅಂತ, ಕಣಗಿಲೆ ಹೂವನ್ನು ನೈವೇದ್ಯ, ಪ್ರಸಾದಗಳಲ್ಲಿ ಬಳಸಬಾರದು ಅಂತ ತೀರ್ಮಾನ ಮಾಡಿದವು. ಅಲಂಕಾರಕ್ಕೆ, ಪೂಜೆಗೆ ಅಡ್ಡಿಯಿಲ್ಲ. ಸುದ್ದಿ ಓದಿದಾಗ ನಗು ಬಂತು. ದೊಡ್ಡಪ್ಪ ಜಗಲಿಯಲ್ಲಿ ಎಳೆದಿದ್ದ ಗೆರೆಯೂ ಅದೇ ತಾನೇ.

ಹೂವನ್ನು ಒಮ್ಮೆ ಸರಿಯಾಗಿ ನೋಡಬೇಕು. ಆರು ದಳ, ಅಂಚೆಲ್ಲ ಅಲೆ ಅಲೆ. ಹೂವಿನ ಮುಖ ನೆಲಕ್ಕೆ, ದಳಗಳು ಮಾತ್ರ ಹಿಂದಕ್ಕೆ ಬಾಗಿ ಆಕಾಶಕ್ಕೆ. ಮೊದಲು ಹಸಿರು ಹಳದಿ, ಆಮೇಲೆ ಹಳದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಹಾಗಾಗಿ ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂ ಕಾಣುತ್ತದೆ. ಕೇಸರಗಳು ಸುತ್ತಲೂ ಅಡ್ಡಡ್ಡ ಚಾಚಿಕೊಂಡಿರುತ್ತವೆ, ದೊಡ್ಡ ಚಿಟ್ಟೆ ಬಂದು ರೆಕ್ಕೆ ಬಡಿದರೆ ಪರಾಗ ರೆಕ್ಕೆಗೇ ಮೆತ್ತಿಕೊಳ್ಳುತ್ತದೆ. ಹತ್ತಲು ಬೇರೆ ಕೈಯಿಲ್ಲ ಈ ಬಳ್ಳಿಗೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿ ಹಿಡಿದುಕೊಳ್ಳುತ್ತದೆ. ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ಬಳ್ಳಿ ಒಣಗಿ ಹೋಗುತ್ತದೆ. ಮುಂದಿನ ಮಳೆಯವರೆಗೂ ನೆಲದೊಳಗೆ ಗಡ್ಡೆ ಮಾತ್ರ.

ಅಪಾಯ ಇರುವುದೂ ಅಲ್ಲೇ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಇದೆ, ಗಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಹೂ ನೋಡಿ ಯಾರೂ ಮೋಸ ಹೋಗುವುದಿಲ್ಲ, ಅಂಥ ಹೂ ಇನ್ನೊಂದಿಲ್ಲ. ಆದರೆ ಜನ ಗಡ್ಡೆ ಅಗೆಯುವುದು ಹೂ ಇಲ್ಲದ ಕಾಲದಲ್ಲಿ. ಕಾಡುಗೆಣಸು ಅಂತ ಅಗೆದದ್ದು ಇದಾಗಿದ್ದರೆ? ಶ್ರೀಲಂಕಾದಲ್ಲಿ, ನಮ್ಮ ದೇಶದಲ್ಲೂ, ಗೆಣಸು ಅಂದುಕೊಂಡು ಈ ಗಡ್ಡೆ ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ತಿಂದ ಕೆಲವು ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ. ಎರಡು ಮೂರು ದಿನಕ್ಕೆ ಒಂದೊಂದೇ ಅಂಗ ಕೈಕೊಡುತ್ತದೆ. ಜೀವಕೋಶ ಎರಡಾಗಿ ಒಡೆಯುವ ಕೆಲಸವನ್ನೇ ಕಾಲ್ಚಿಸಿನ್ ನಿಲ್ಲಿಸುತ್ತದೆ, ಅದಕ್ಕೇ ಸದಾ ಹೊಸ ಕೋಶ ಹುಟ್ಟುವ ಕಡೆ ಪೆಟ್ಟು ಮೊದಲು: ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲ ಬುಡ. ಬದುಕಿ ಉಳಿದವರಿಗೂ ಒಂದೆರಡು ವಾರದಲ್ಲಿ ಕೂದಲು ಉದುರುತ್ತದೆ.

ಇದೇ ಕಾಲ್ಚಿಸಿನ್ ನಮ್ಮ ಇನ್ನೊಬ್ಬ ಸಂಬಂಧಿಕರ ಮಾತ್ರೆ ಡಬ್ಬಿಯಲ್ಲಿದೆ. ಅವರಿಗೆ ಗೌಟ್. ಕಾಲಿನ ಹೆಬ್ಬೆರಳು ಊದಿ ಹಾಸಿಗೆ ಬಟ್ಟೆ ತಾಗಿದರೂ ಕೂಗುವಷ್ಟು ನೋವು. ಡಾಕ್ಟರು ಕೊಟ್ಟಿದ್ದು 0.5 ಮಿಲಿಗ್ರಾಂ ಮಾತ್ರೆ, ಎಷ್ಟು ಹೊತ್ತಿಗೆ ಎಷ್ಟು ಅಂತ ಎಣಿಸಿ. ಔಷಧಿ ಆಗುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ತಮಿಳುನಾಡಿನಲ್ಲಿ ಇದು ರಾಜ್ಯದ ಹೂ. ಅಲ್ಲಿನ ರೈತರು ಔಷಧಿ ಕಂಪನಿಗಳಿಗೆ ಬೀಜ ಮಾರಲಿಕ್ಕೆ ಚಪ್ಪರ ಹಾಕಿ ಬೆಳೆಯುತ್ತಾರೆ. ನಾವು ಬೇಲಿಯಿಂದ ಕೀಳಿಸಬೇಕಾ ಅಂತ ಚರ್ಚೆ ಮಾಡುವ ಗಿಡವನ್ನು ಅಲ್ಲಿ ನೀರು ಗೊಬ್ಬರ ಹಾಕಿ ಸಾಕುತ್ತಾರೆ.

ಇಷ್ಟೆಲ್ಲ ವಿಷ ಇದ್ದೂ ಗೌರಿ ಹೂವಿನ ಎಲೆಯನ್ನು ಬಿಡದೆ ತಿನ್ನುವ ಒಂದು ಹುಳ ಇದೆ. ಕಪ್ಪು ಮೈ, ಮೇಲೆಲ್ಲ ಬಿಳಿ ಮತ್ತು ಕೆಂಪು ಚುಕ್ಕೆ. ಲಿಲ್ಲಿ ಪತಂಗ ಅನ್ನುವ ಪತಂಗದ ಮರಿ ಅದು. ದನ ಮುಟ್ಟದ ಎಲೆಯನ್ನು ಇದು ನರ ಮಾತ್ರ ಬಿಟ್ಟು ಮೇಯುತ್ತದೆ. ಅದರ ಹತ್ತಿರ ಹೋಗಿ "ಇದು ವಿಷದ ಗಿಡವಾ" ಅಂತ ಕೇಳಿದರೆ ಏನು ಹೇಳೀತು.

ಅದೇ ದಿನ ಲೆಕ್ಕ ಚುಕ್ತಾ

ದೊಡ್ಡಪ್ಪನಿಗೆ ಕಾಲ್ಚಿಸಿನ್ ಹೆಸರು ಗೊತ್ತಿರಲಿಲ್ಲ. ಗೊತ್ತಿರುವ ಅಗತ್ಯವೂ ಇರಲಿಲ್ಲ. ಯಾವ ಕಾಲದಲ್ಲೋ ಯಾರೋ ತಿಂದರು, ಎರಡು ದಿನದಲ್ಲಿ ಸತ್ತರು, ಊರೆಲ್ಲ ನೋಡಿತು. ಆ ನೆನಪು ಮಾತಾಗಿ, ಮಾತು ಕಟ್ಟಳೆಯಾಗಿ ಉಳಿಯಿತು. ಬೇಗ ಕೊಲ್ಲುವ ವಿಷದ ಒಂದು ಗುಣ ಇದು. ತನ್ನ ಸುದ್ದಿಯನ್ನು ತಾನೇ ಹೇಳಿಬಿಡುತ್ತದೆ.

ಕಾಸರಕ ತೆಗೆದುಕೊಳ್ಳಿ. ಶಿವಮೊಗ್ಗದ ಸುತ್ತಿನ ಎಲೆ ಉದುರುವ ಕಾಡಿನಲ್ಲಿ ಇರುವ ಮರ. ಬೇಸಿಗೆಯ ಹೊತ್ತಿಗೆ ಹಸಿರು ಬಿಳಿ ಬಣ್ಣದ ಸಣ್ಣ ಹೂ ಬಿಡುತ್ತದೆ, ಯಾರ ಗಮನಕ್ಕೂ ಬರುವಂಥದ್ದಲ್ಲ. ಹಣ್ಣು ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಕಣ್ಣು ಸೆಳೆಯುತ್ತದೆ. ಒಳಗೆ ಲೋಳೆ ತಿರುಳು, ಅದರೊಳಗೆ ಚಪ್ಪಟೆ ಬೀಜ. ಆ ಬೀಜದಲ್ಲಿರುವುದು ಸ್ಟ್ರಿಕ್ನಿನ್. ಮೈಯ ಸ್ನಾಯುಗಳನ್ನು ಹಿಡಿತದಲ್ಲಿಡುವ ನರದ ಸಂಕೇತವನ್ನೇ ಅದು ತಡೆಯುತ್ತದೆ, ಮೈಯೆಲ್ಲ ಸೆಟೆದು ಉಸಿರು ನಿಲ್ಲುತ್ತದೆ. ಮಂಗಟ್ಟೆ ಹಕ್ಕಿ ಅದೇ ಹಣ್ಣಿನ ತಿರುಳು ತಿಂದು ಬೀಜ ಉಗುಳುತ್ತದೆ. ಮರಕ್ಕೆ ಬೇಕಾಗಿರುವುದೂ ಅಷ್ಟೇ: ತಿರುಳು ತಿನ್ನಿ, ಬೀಜ ಕಡಿಯಬೇಡಿ, ದೂರ ಹೋಗಿ ಬೀಳಿಸಿ. ಯಾರು ಈ ಕರಾರು ಮುರಿಯುತ್ತಾರೋ ಅವರಿಗೆ ವಿಷ.

ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುತ್ತಾರೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಕತ್ತಲಲ್ಲಿ ಮರ ಗುರುತು ಸಿಗದೆ ಕಾಸರಕನ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರ, ಸತ್ತವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಅದಕ್ಕೇ ತಿಳಿದವರು ಹಿಂದಿನ ದಿನವೇ ಹಗಲಲ್ಲಿ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಾರೆ. ನೋಡಿ, ಇಲ್ಲೂ ಅಷ್ಟೇ. ತಪ್ಪು ಅದೇ ಬೆಳಗ್ಗೆ ಗೊತ್ತಾಗುತ್ತದೆ, ಮುಂದಿನ ವರ್ಷಕ್ಕೆ ಒಂದು ಎಚ್ಚರಿಕೆ ಹುಟ್ಟುತ್ತದೆ.

ಉಮ್ಮತ್ತಿಯದೂ ಹೀಗೇ. ಸಂಜೆ ಅರಳಿ ರಾತ್ರಿ ಪತಂಗ ಕರೆಯುವ ಬಿಳಿ ಹೂ. ಶಿವನಿಗೆ ಪ್ರೀತಿ. ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಲೆನಾಡಿನ ಹೆಂಗಸರಿಗೆ ಕೆಸುವಿನ ಬಗ್ಗೆ ಪಾಠ ಮಾಡಬೇಕಾ? ಎಲೆಯ ತುಂಬ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು, ಹಸಿಯಾಗಿ ಬಾಯಿಗೆ ಹಾಕಿದರೆ ನಾಲಿಗೆ ಗಂಟಲೆಲ್ಲ ತುರಿಕೆ. ಹುಣಸೆಹುಳಿಯೋ ವಾಟೆಹುಳಿಯೋ ಹಾಕದೆ, ಚೆನ್ನಾಗಿ ಬೇಯಿಸದೆ ಯಾರೂ ಕೆಸು ಬಡಿಸುವುದಿಲ್ಲ. ಮರಕೆಸುವಿನ ಪತ್ರೊಡೆ ತಿಂದು ಗಂಟಲು ಕೆರೆದರೆ ಸೊಸೆಗೆ ಹುಳಿ ಸಾಲಲಿಲ್ಲ ಅಂತ ಅತ್ತೆ ಅಲ್ಲೇ ಹೇಳುತ್ತಾರೆ. ಪರೀಕ್ಷೆ, ಫಲಿತಾಂಶ ಎರಡೂ ಒಂದೇ ಊಟದಲ್ಲಿ.

ದನಗಳಿಗೂ ಇಂಥ ಒಂದು ಶಾಲೆ ಇದೆ. ಹಕ್ಕಲು, ರಸ್ತೆ ಬದಿ, ಬೇಲಿ, ಎಲ್ಲ ಕಡೆ ತುಂಬಿರುವ ಲಂಟಾನ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆ ಅಂತ ತಂದದ್ದು. ಅದರ ಹೂ ಮೊದಲು ಹಳದಿ, ಪರಾಗ ಸಿಕ್ಕಿದ ಮೇಲೆ ಕೆಂಪಾಗುತ್ತದೆ. ಮಕರಂದ ಹಳದಿಯಲ್ಲಿ ಅಂತ ಚಿಟ್ಟೆಗಳಿಗೆ ಗೊತ್ತು. ಎಲೆ ತಿಂದ ದನಕ್ಕೆ ಮಾತ್ರ ಲಿವರ್‌ಗೆ ಪೆಟ್ಟು. ಕಾಮಾಲೆ ಬರುತ್ತದೆ, ಬಿಸಿಲಿಗೆ ನಿಂತರೆ ಚರ್ಮ ಸುಟ್ಟು ಸುಲಿಯುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮಲೆನಾಡು ಗಿಡ್ಡ ತಳಿಯ ದನ ಲಂಟಾನಕ್ಕೆ ಬಾಯಿ ಹಾಕುವುದಿಲ್ಲ. ಲಂಟಾನ ಇಲ್ಲದ ಕಡೆಯಿಂದ ಹೊಸದಾಗಿ ಕೊಂಡು ತಂದ ದನ, ಅದೂ ಹುಲ್ಲು ಕಮ್ಮಿ ಇರುವ ಬೇಸಿಗೆಯಲ್ಲಿ, ತಿಂದುಬಿಡುತ್ತದೆ. ಪೇಟೆಯಿಂದ ಬಂದ ನೆಂಟರ ಬಗ್ಗೆ ನಾನು ಇಲ್ಲಿ ಏನೂ ಹೇಳುತ್ತಿಲ್ಲ.

ಇಷ್ಟರ ಮಟ್ಟಿಗೆ ಚಿಕ್ಕಮ್ಮನ ಮಾತು ಸರಿ. ಅಜ್ಜಂದಿರ ಕಾಲದ ತಿಳಿವಳಿಕೆ ಪೊಳ್ಳಲ್ಲ. ಆ್ಯಪ್ ಗಿಡದ ಹೆಸರು ಹೇಳುತ್ತದೆ. ಯಾವ ಭಾಗ, ಯಾವ ಕಾಲ, ಎಷ್ಟು, ಬೇಯಿಸಿದರೆ ಏನು, ಹುಳಿ ಹಾಕಿದರೆ ಏನು, ಮುಟ್ಟಬಹುದಾ ಮುಡಿಯಬಹುದಾ, ಇದೆಲ್ಲ ಇದ್ದದ್ದು ದೊಡ್ಡಪ್ಪನ ತಲೆಯಲ್ಲಿ.

ಈಶ್ವರಿ ಬೇರು

ಆದರೆ ಅಮ್ಮಮ್ಮನ ಬಾಟಲಿಯ ವಿಷಯ ಬಂದರೆ ನನ್ನ ಧ್ವನಿ ಬದಲಾಗುತ್ತದೆ.

ತೀರ್ಥಹಳ್ಳಿ ಕಡೆಯ ಅಮ್ಮನ ತವರಿನಲ್ಲಿ, ಅಡಿಗೆ ಮನೆಯ ನಾಗಂದಿಗೆ ಮೇಲೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇತ್ತು. ಅದರ ತುಂಬ ಒಣಗಿದ ಈಶ್ವರಿ ಬೇರು. ಮುಚ್ಚಳ ತೆಗೆದರೆ ಕರ್ಪೂರದ ಹಾಗೂ ಅಲ್ಲದ, ಶುಂಠಿಯ ಹಾಗೂ ಅಲ್ಲದ ಒಂದು ಘಾಟು. ಮಕ್ಕಳಿಗೆ ಹೊಟ್ಟೆನೋವು ಬಂತಾ, ಜ್ವರ ಬಂತಾ, ಅಮ್ಮಮ್ಮ ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇದು, ಜೇನಿನಲ್ಲಿ ಕಲಸಿ ನಾಲಿಗೆಗೆ ಸವರುತ್ತಿದ್ದರು. ಪರಮ ಕಹಿ. ಮೂಗು ಹಿಡಿದು ನುಂಗಿಸುತ್ತಿದ್ದರು. ದೊಡ್ಡವರಿಗೆ ಕಷಾಯ. ಬಾಣಂತಿಗೂ ಕೊಡುತ್ತಿದ್ದರು. ಹಾವು ಕಚ್ಚಿದರೆ ಮೊದಲ ಮದ್ದು ಇದೇ ಅನ್ನುವ ನಂಬಿಕೆ ಬೇರೆ. ಮನೆಯ ಸುತ್ತ ಬಳ್ಳಿ ಇದ್ದರೆ ಹಾವು ಬರುವುದಿಲ್ಲ ಅಂತ ಕೊಟ್ಟಿಗೆ ಹಿಂದಿನ ಬೇಲಿಗೆ ಹಬ್ಬಿಸಿದ್ದರು. (ಹಾವು ಬರುತ್ತಿತ್ತು. ಕೊಟ್ಟಿಗೆಯಲ್ಲಿ ಇಲಿ ಇದ್ದವಲ್ಲ.)

ಆ ಬೇಲಿಯ ಹತ್ತಿರ ಕೂತು ನಾನು ನೋಡಿದ್ದು ಒಂದು ದೊಡ್ಡ ಹುಳ. ಕಂದು ಕೆಂಪು, ಮಖಮಲ್ಲಿನ ಮೈ, ಮೇಲೆಲ್ಲ ಮೆತ್ತನೆಯ ಮುಳ್ಳು, ನಡುವೆ ಓರೆಯಾಗಿ ಒಂದು ಬಿಳಿ ಪಟ್ಟಿ. ಎಲೆ ಮುಗಿಸಿ ಕಾಂಡವನ್ನೂ ಕೊರೆಯುತ್ತಿತ್ತು. ಕೋಲಿನಿಂದ ತೆಗೆಯಲು ಹೋದರೆ ಅಮ್ಮಮ್ಮ ಬಿಡಲಿಲ್ಲ. "ಅದರ ಪಾಲು ಅದು ತಿನ್ಕೊಳ್ಲಿ, ಬಳ್ಳಿ ಮತ್ತೆ ಚಿಗುರ್ತದೆ ಮಾರಾಯ್ತಿ." ಅದು ದೊಡ್ಡದಾಗಿ ಏನಾಗುತ್ತದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಸದರ್ನ್ ಬರ್ಡ್‌ವಿಂಗ್. ಕಪ್ಪು ಮುಂದಿನ ರೆಕ್ಕೆ, ಚಿನ್ನದ ಹಳದಿ ಹಿಂದಿನ ರೆಕ್ಕೆ, ನಮ್ಮ ರಾಜ್ಯದ ಚಿಟ್ಟೆ. ಮಳೆ ಬಿಟ್ಟ ಬೆಳಗ್ಗೆ ತೋಟದ ಮೇಲೆ ಎಷ್ಟು ನಿಧಾನವಾಗಿ ಹಾರುತ್ತದೆ ಅಂದರೆ ಹಕ್ಕಿ ಅಂತಲೇ ಅನಿಸುತ್ತದೆ. ನಿಧಾನಕ್ಕೆ ಕಾರಣ ಇದೆ. ಮರಿಯಾಗಿದ್ದಾಗ ತಿಂದ ಈಶ್ವರಿ ಬಳ್ಳಿಯ 'ಅರಿಸ್ಟೊಲೊಕಿಕ್ ಆಮ್ಲ' ಅನ್ನುವ ವಿಷ ಮೈಯಲ್ಲೇ ಉಳಿದಿರುತ್ತದೆ. ಹಕ್ಕಿಗೆ ಅದರ ರುಚಿ ಆಗದು. ಹೆದರಿ ಓಡುವ ಅಗತ್ಯ ಅದಕ್ಕೇನಿದೆ.

ಇದೇ ಬಳ್ಳಿ ತಿಂದು ಬೆಳೆಯುವ ಇನ್ನೆರಡು ಇವೆ, ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಕಪ್ಪು ರೆಕ್ಕೆಯ ಮೇಲೆ ಕೆಂಪು ಗುರುತು, ಅವೂ ವಿಷ. ಹಿತ್ತಿಲಲ್ಲಿ ಕರಿಬೇವು, ನಿಂಬೆ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಗೆ ವಿಷ ಗಿಷ ಏನೂ ಇಲ್ಲ, ಪಾಪದ್ದು. ಆದರೆ ಅದರ ಕೆಲವು ಹೆಣ್ಣುಗಳು ಥೇಟ್ ಇವುಗಳದೇ ವೇಷ ಹಾಕುತ್ತವೆ. ಬೇಲಿಯಿಂದ ಆ ಬಳ್ಳಿ ಕಿತ್ತರೆ ವೇಷಕ್ಕೂ ಬೆಲೆ ಇರುವುದಿಲ್ಲ. ಅಸಲಿ ವಿಷ ತಿಂದು ಪಾಠ ಕಲಿತ ಹಕ್ಕಿ ಇದ್ದರೆ ತಾನೇ ನಕಲಿಗೆ ಮರ್ಯಾದೆ? ಇನ್ನು ಈಶ್ವರಿ ಹೂ. ಸಣ್ಣದು, ಕೊಳವೆಯಂಥದ್ದು, ನೇರಳೆ ಬಣ್ಣದ ತುಟಿ. ಒಳಗಿನ ಕೂದಲುಗಳೆಲ್ಲ ಕೆಳಮುಖ. ಒಳಗೆ ನುಗ್ಗಿದ ಸಣ್ಣ ನೊಣಕ್ಕೆ ಹೊರಗೆ ಬರಲಾಗದು. ಕೂದಲು ಬಾಡಿದ ಮೇಲೆ ಪರಾಗ ಹೊತ್ತು ಬಿಡುಗಡೆ.

ಈಗ ಆ ಆಮ್ಲದ ಇನ್ನೊಂದು ಕತೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಹೆಂಗಸರ ಕಿಡ್ನಿ ಒಂದರ ಹಿಂದೆ ಒಂದು ಹಾಳಾಗತೊಡಗಿತು. ನೂರಕ್ಕೂ ಹೆಚ್ಚು ಜನ. ಹುಡುಕಿದರೆ, ಮಾತ್ರೆಗೆ ಹಾಕಬೇಕಿದ್ದ ಚೀನಾದ ಒಂದು ಮೂಲಿಕೆಯ ಬದಲು ಈಶ್ವರಿ ಬಳ್ಳಿಯ ಕುಲದ್ದೇ ಇನ್ನೊಂದು ಗಿಡದ ಬೇರು ಸೇರಿತ್ತು. ಎಷ್ಟೋ ಜನರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಬಾಲ್ಕನ್ ದೇಶಗಳಲ್ಲಿ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ಮಾತ್ರ ಬರುವ ಒಂದು ಕಿಡ್ನಿ ಕಾಯಿಲೆಯನ್ನು ವೈದ್ಯರು 1950ರ ದಶಕದಲ್ಲೇ ಗುರುತಿಸಿದ್ದರು. ನೀರಾ, ಮಣ್ಣಾ, ರಕ್ತಸಂಬಂಧವಾ ಅಂತ ಅರ್ಧ ಶತಮಾನ ತಲೆ ಕೆಡಿಸಿಕೊಂಡರು. ಕೊನೆಗೆ ಗೋಧಿ ಗದ್ದೆಯಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ಇದೇ ಕುಲದ ಗಿಡದ ಬೀಜ ಹಿಟ್ಟಿಗೆ ಸೇರುತ್ತಿದ್ದದ್ದೇ ಕಾರಣ ಅಂತ ತಿಳಿಯಿತು. ವರ್ಷಗಟ್ಟಲೆ ರೊಟ್ಟಿಯಲ್ಲಿ ಚೂರು ಚೂರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಆಮ್ಲವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಲವು ದೇಶಗಳು ಈ ಕುಲದ ಗಿಡ ಹಾಕಿದ ಔಷಧಿಗಳನ್ನು ನಿಷೇಧಿಸಿವೆ. ನಮ್ಮ ಈಶ್ವರಿ ಬೇರಿನಲ್ಲೂ ಇದೇ ಆಮ್ಲ ಇದೆ.

ಅಮ್ಮಮ್ಮನಿಗೆ ಇದು ತಿಳಿಯಲು ದಾರಿಯೇ ಇರಲಿಲ್ಲ. ಅವರು ದಡ್ಡರಲ್ಲ. ಕೆಸುವಿಗೆ ಎಷ್ಟು ಹುಳಿ ಅಂತ ಗೊತ್ತಿದ್ದವರು, ಯಾವ ಅಣಬೆ ಬಿಡಬೇಕು ಅಂತ ಗೊತ್ತಿದ್ದವರು. ಆದರೆ ಅವರ ವಿದ್ಯೆ ನಿಂತಿದ್ದು ಕಣ್ಣೆದುರಿನ ಫಲಿತಾಂಶದ ಮೇಲೆ. ಬೇರು ತೇದು ಕೊಟ್ಟರು, ಮರುದಿನ ಮಗುವಿನ ಹೊಟ್ಟೆನೋವು ಹೋಯಿತು. ಆ ನೋವು ಹೇಗೂ ಹೋಗುತ್ತಿತ್ತೋ ಏನೋ, ಮದ್ದು ಗೆದ್ದಿತು. ಇಪ್ಪತ್ತು ವರ್ಷ ಆದ ಮೇಲೆ ಒಬ್ಬರ ಕಾಲು ಊದಿದರೆ, ಉಸಿರು ಕಟ್ಟಿದರೆ, ಅದನ್ನು ನಾಗಂದಿಗೆ ಮೇಲಿನ ಬಾಟಲಿಗೆ ಯಾರು ತಳುಕು ಹಾಕುತ್ತಾರೆ? ಬೇಗ ಕೊಲ್ಲುವ ವಿಷವನ್ನು ನಮ್ಮ ಹಿರಿಯರು ಚೆನ್ನಾಗಿ ಓದಿಕೊಂಡಿದ್ದರು. ನಿಧಾನಕ್ಕೆ ಕೊಲ್ಲುವುದನ್ನು ಓದಲು ಲೆಕ್ಕದ ಪುಸ್ತಕ ಬೇಕು. ಯಾರು ಏನು ತಿಂದರು, ಎಷ್ಟು ವರ್ಷ ತಿಂದರು, ಯಾವುದರಿಂದ ಸತ್ತರು, ಪಕ್ಕದ ಊರಲ್ಲಿ ತಿನ್ನದವರು ಹೇಗಿದ್ದಾರೆ ಅಂತ. ಅದು ಮನೆಯಲ್ಲಿ ಕೂತು ಆಗುವ ಕೆಲಸ ಅಲ್ಲ. ಆಸ್ಪತ್ರೆಗಳೇ ಅರ್ಧ ಶತಮಾನ ತೆಗೆದುಕೊಂಡವು.

ಗಿಲಿಗಿಚ್ಚಿ

ಇಂಥದ್ದೇ ಇನ್ನೊಂದು ಇದೆ. ಮಳೆಗಾಲ ಕಳೆದ ಮೇಲೆ ಬ್ಯಾಣದಲ್ಲಿ ಹಳದಿ ಹೂ ಬಿಟ್ಟು, ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುವ ಗಿಡ. ನಾವು ಅದನ್ನು ಕಾಲಿಗೆ ಗೆಜ್ಜೆ ಅಂತ ಕಟ್ಟಿಕೊಂಡು ಕುಣಿದವರು. ಭತ್ತದ ಗದ್ದೆಗೆ ಹಸಿರು ಗೊಬ್ಬರಕ್ಕೆ ಬಿತ್ತುವ ಸೆಣಬು ಇದರದೇ ಕುಲ. ಈ ಕುಲದ ಹಲವು ಗಿಡಗಳಲ್ಲಿ ಲಿವರನ್ನು ಸದ್ದಿಲ್ಲದೆ ಹಾಳು ಮಾಡುವ ವಿಷ ಇದೆ, ಬೀಜದಲ್ಲಿ ಜಾಸ್ತಿ. 1970ರ ದಶಕದಲ್ಲಿ ಸರ್ಗುಜಾ ಜಿಲ್ಲೆಯಲ್ಲಿ, ಅದು ಈಗ ಛತ್ತೀಸ್‌ಗಢದಲ್ಲಿದೆ, ಜನರ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸಾವು ಸಂಭವಿಸಿದವು. ಸಾಮೆಯ ಹೊಲದಲ್ಲಿ ಕಳೆಯಾಗಿ ಬೆಳೆದಿದ್ದ ಈ ಕುಲದ ಗಿಡದ ಬೀಜ ಧಾನ್ಯಕ್ಕೆ ಸೇರಿತ್ತು. ವಿಷ ಇದ್ದದ್ದು ಅವರ ದಿನನಿತ್ಯದ ಊಟದಲ್ಲಿ.

ಅದೇ ಗಿಡದ ಒಣಗಿದ ಕಡ್ಡಿಯ ಮೇಲೆ ನವೆಂಬರ್ ಡಿಸೆಂಬರಿನಲ್ಲಿ ಬ್ಲೂ ಟೈಗರ್ ಚಿಟ್ಟೆಗಳು ಗುಂಪಾಗಿ ಮುತ್ತಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಹೂ ಬಿಟ್ಟು ಒಣ ಕಡ್ಡಿಗೆ ಯಾಕೆ? ಬಂದಿರುವವು ಹೆಚ್ಚಿನವು ಗಂಡು. ಆ ವಿಷವನ್ನೇ ಹೀರಿ ಒಂದು ಪಾಲನ್ನು ಮೈಗಾವಲಿಗೆ ಇಟ್ಟುಕೊಳ್ಳುತ್ತವೆ, ಇನ್ನೊಂದು ಪಾಲಿನಿಂದ ಹೆಣ್ಣನ್ನು ಒಲಿಸುವ ಸುಗಂಧ ತಯಾರಿಸುತ್ತವೆ. ನಮ್ಮ ಲಿವರ್‌ಗೆ ಮೃತ್ಯು, ಅವಕ್ಕೆ ಅತ್ತರು.

ಕ್ಯಾನು ಮತ್ತು ಬಾಟಲಿ

ಗೌರಿ ಹೂ ಕೀಳಿಸಬೇಕು ಅಂತ ಚರ್ಚೆ ನಡೆಯುತ್ತಿದ್ದ ಆ ವಾರವೇ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕಳೆನಾಶಕದ ಕ್ಯಾನು ಕೂತಿತ್ತು. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಮಕ್ಕಳ ಕೈಗೆ ಎಟಕುವ ಎತ್ತರ. ಅದರ ಫೋಟೋ ತೆಗೆದು ಗುಂಪಿನಲ್ಲಿ "ಇದು ವಿಷವಾ" ಅಂತ ಯಾರೂ ಕೇಳಲಿಲ್ಲ. ತೋಟಗಳಿಗೆ, ಶುಂಠಿ ಗದ್ದೆಗಳಿಗೆ ಈಗ ಅದು ಮಾಮೂಲು, ಆಳು ಸಿಗುವುದಿಲ್ಲ ಅನ್ನುವ ಕಷ್ಟ ನನಗೂ ಗೊತ್ತು. ಆದರೆ ಹಲವು ದೇಶಗಳು ನಿಷೇಧಿಸಿರುವ ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಗೌರಿ ಹೂ ಬೇಲಿಯ ಮೇಲೆ ಕೆಂಪು ಬಾವುಟ ಹಿಡಿದೇ ನಿಂತಿರುತ್ತದೆ, ಕ್ಯಾನು ಸುಮ್ನೆ ಮೂಲೆಯಲ್ಲಿರುತ್ತದೆ. ಭಾವನಿಗೆ ನಾನು ಹೇಳಿದ್ದು ಇಷ್ಟೇ. ಮಕ್ಕಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಹೂ ತೋರಿಸಿ, ಗಡ್ಡೆಯ ಕತೆ ಹೇಳಿ, ಕೈ ತೊಳೆಸಿ. ಕ್ಯಾನಿಗೆ ಬೀಗ ಹಾಕಿಸಿ. ನಿಮ್ಮ ಡಬ್ಬಿಯ ಹಿಂದೆ ಬರೆದಿರುವ ಮೂಲಿಕೆಗಳ ಹೆಸರನ್ನು ಒಂದು ಸಲ ಆ್ಯಪಿನಲ್ಲೇ ಹುಡುಕಿ ನೋಡಿ. ಹೂ ತೋರಿಸಿದರು, ಬೀಗವೂ ಬಂತು. ಡಬ್ಬಿಯ ವಿಷಯದಲ್ಲಿ ಮಾತು ಮುಂದುವರಿದಿಲ್ಲ.

ನಿಜವಾದ ಜಗಳ ನಡೆದದ್ದು ಚಿಕ್ಕಮ್ಮನ ಹತ್ತಿರ. ಅಮ್ಮಮ್ಮನ ಆ ಬಾಟಲಿ ಈಗ ಅವರ ಮನೆಯಲ್ಲಿದೆ, ಪ್ರತಿ ವರ್ಷ ಹೊಸ ಬೇರು ತುಂಬಿಸುತ್ತಾರೆ. ನಾನು ಬೆಲ್ಜಿಯಂ ಕತೆ ಹೇಳಿದೆ, ಡ್ಯಾನ್ಯೂಬ್ ಕತೆ ಹೇಳಿದೆ. "ನಮ್ಮಮ್ಮ ಜೀವಮಾನ ಪೂರ್ತಿ ಇದನ್ನೇ ಕುಡಿದು ತೊಂಬತ್ತು ದಾಟಿದ್ರು. ಈಗ ಎಂತ ಹೇಳ್ತೀಯ ಹೇಳು" ಅಂದರು. ಹೇಳಲು ಇತ್ತು. ಅಮ್ಮಮ್ಮನ ಲೆಕ್ಕ ನಮಗೆ ನೆನಪಿದೆ, ಯಾಕಂದರೆ ಅವರು ಬದುಕಿದರು. ಅದೇ ಮನೆಯಲ್ಲಿ ಐವತ್ತೈದಕ್ಕೆ ಹೋದ ದೊಡ್ಡಮಾವ, ಮೈಯೆಲ್ಲ ಊದಿ ಹೋದ ಅತ್ತೆ, ಇವರೆಲ್ಲ ಯಾವುದರಿಂದ ಹೋದರು ಅಂತ ಯಾರಾದರೂ ಬರೆದಿಟ್ಟಿದ್ದಾರಾ? ಬೇರಿನಿಂದಲೇ ಅಂತ ನಾನು ಹೇಳುತ್ತಿಲ್ಲ. ಅಲ್ಲ ಅಂತ ಹೇಳಲು ನಿಮ್ಮ ಹತ್ತಿರ ಏನಿದೆ ಅಂತ ಮಾತ್ರ ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬಳ್ಳಿನೂ ಕೀಳ್ಬೇಕಾ?" ಅಂದರು. ಬೇಡವೇ ಬೇಡ, ಬಳ್ಳಿ ಇರಲಿ, ಅದನ್ನು ತಿನ್ನುವವರು ಬೇರೆ ಇದ್ದಾರೆ ಅಂದೆ. ಆ ಮಾತು ಅವರಿಗೆ ಹಿಡಿಸಿತು. ಅಮ್ಮಮ್ಮನೂ ಅದನ್ನೇ ಹೇಳುತ್ತಿದ್ದರಲ್ಲ.

ಮೊನ್ನೆ ಹೋದಾಗ ನೋಡಿದೆ, ಬಾಟಲಿ ಅಡಿಗೆ ಮನೆಯಿಂದ ಹೊರಗೆ ಹೋಗಿತ್ತು. ಖುಷಿಯಾಗಿ ಎಲ್ಲಿ ಅಂತ ಕೇಳಿದರೆ, ಕೊಟ್ಟಿಗೆಯಲ್ಲಿದೆಯಂತೆ. ದನಕ್ಕೆ ಹೊಟ್ಟೆಯುಬ್ಬರ ಬಂದರೆ ಕೊಡಲಿಕ್ಕೆ ಅಂತ ಇಟ್ಟಿದ್ದಾರೆ. ಈಗ ದನದ ಕಿಡ್ನಿಯ ಬಗ್ಗೆ ಓದಿಕೊಂಡು ಹೋಗಬೇಕು.